ಏಳು ಮೆಟ್ಟಿಲಿನ ಚರಂಡಿ

ಪಾಯಾ ರೆಂಗಸ್ ಹಳ್ಳಿಯ ಹಿಂದೆ ಹರಿಯುತ್ತಿದ್ದ ದೊಡ್ಡ ಚರಂಡಿಯನ್ನು, ಆಚೆ ಬದಿಯಲ್ಲಿ ಫ್ಲ್ಯಾಟು ಕಟ್ಟುತ್ತಿದ್ದ ಕಂಪನಿಯವರು ಮಣ್ಣು ಸುರಿದು ಮುಚ್ಚಿದರು. ಮುನ್ನೂರು ಲಾರಿ ಮಣ್ಣು. ಅಂದಿನಿಂದ ಮಳೆಯ ನೀರು ಹಳ್ಳಿಯಲ್ಲೇ ಉಳಿಯತೊಡಗಿತು.

ಹಳ್ಳಿಯ ಮುಖಂಡ ತೊಕ್ ಮನಾಪ್ ಎಂಟು ತಿಂಗಳು ದೂರಿನ ಮೇಲೆ ದೂರು ಬರೆದರು. ಕೊನೆಗೆ ಕಂಪನಿಯಿಂದ ಮುದ್ರೆಯೊತ್ತಿದ ಉತ್ತರ ಬಂತು. ಅಲ್ಲಿ ಚರಂಡಿ ಎಂಬುದು ಯಾವತ್ತೂ ಇರಲಿಲ್ಲ, ಇದ್ದದ್ದು ಗಟ್ಟಿ ನೆಲ. ನೀರು ನಿಲ್ಲುವುದಕ್ಕೆ ಹಳ್ಳಿಗರ ಕಸವೇ ಕಾರಣ. ಆದರೂ ಕಂಪನಿ ದೊಡ್ಡ ಮನಸ್ಸು ಮಾಡಿ ಭಾನುವಾರ ಮೂವತ್ತು ಸ್ವಯಂಸೇವಕರನ್ನೂ ಊಟಕ್ಕೆ ಎರಡು ಆಡುಗಳನ್ನೂ ಕಳಿಸಿ ಹಳ್ಳಿಯನ್ನು ಸ್ವಚ್ಛ ಮಾಡಿಸಿಕೊಡುತ್ತದೆ. ತೊಕ್ ಮನಾಪ್ ಆ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಪ್ರಾರ್ಥನೆಮನೆಯ ಗೋಡೆಗೆ ಮೊಳೆ ಹೊಡೆದರು. ನಲವತ್ತು ವರ್ಷ ಆ ಚರಂಡಿಯಲ್ಲಿ ಮೀನು ಹಿಡಿದವರು ಸಾಲಾಗಿ ನಿಂತು ಅದನ್ನು ಓದಿದರು.

ಶುಕ್ರವಾರದ ನಮಾಜು ಮುಗಿದ ಮೇಲೆ ತೊಕ್ ಮನಾಪ್, ಹಳ್ಳಿಯ ಕಡೆಯಿಂದ ಈ ಕೆಲಸದ ಮುಂದಾಳು ಯಾರಾಗುತ್ತೀರಿ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ಹುಡುಕುವುದರಲ್ಲಿ ಮಗ್ನರಾದರು. ಸಪುವಾನನ ಕೈ ಮೇಲೆದ್ದಿತು.

ಸಪುವಾನ್ ನಿವೃತ್ತ ಸ್ಕೂಲ್ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷ ಕಿಟಕಿಯಿಂದ ಬಲಗೈ ಹೊರಹಾಕಿ ಸಿಗ್ನಲ್ ಕೊಟ್ಟಿದ್ದರಿಂದಲೋ ಏನೋ, ‘ಯಾರು’ ಎಂದು ಯಾರಾದರೂ ಕೇಳಿದರೆ ಸಾಕು, ಆ ಕೈ ರೈಲ್ವೆ ಗೇಟಿನ ಹಾಗೆ ತಾನಾಗಿ ಎದ್ದುಬಿಡುತ್ತಿತ್ತು. ಆ ಕೈಯ ದೆಸೆಯಿಂದ ಅವನು ಜ್ವರದಲ್ಲಿ ರಕ್ತ ಕೊಟ್ಟಿದ್ದ, ಗುರುತಿಲ್ಲದವರ ಹೆಣ ತೊಳೆದಿದ್ದ, ಪ್ರಾರ್ಥನೆಮನೆಯ ಸೂರಿನಿಂದ ಎರಡು ಸಲ ಬಿದ್ದಿದ್ದ.

“ಮುಂದಿನ ಶುಕ್ರವಾರ ಆ ಕೈಯನ್ನ ಮನೇಲಿ ಬಿಟ್ಟು ಹೋಗ್ರಿ,” ಎಂದಳು ಹೆಂಡತಿ ಜಲೇಹಾ.

ಈ ಸಲ ಸಪುವಾನನಿಗೆ ಒಂದು ಲೆಕ್ಕಾಚಾರವಿತ್ತು. ಕಂಬಗಳ ಮೇಲೆ ನಿಂತ ಅವನ ಮರದ ಮನೆ ಹಳ್ಳಿಯಲ್ಲೇ ತಗ್ಗಿನ ಜಾಗದಲ್ಲಿತ್ತು. ಹತ್ತಲು ಏಳು ಮೆಟ್ಟಿಲು. ಹೋದ ವಾರದ ಮಳೆಗೆ ನೀರು ಐದನೆಯ ಮೆಟ್ಟಿಲು ಹತ್ತಿತ್ತು. ದೊಡ್ಡ ಮಳೆಗಾಲಕ್ಕೆ ಇನ್ನು ಮೂರೇ ವಾರ. ಕಂಪನಿಯವರ ಮನಸ್ಸು ಮೆಚ್ಚುವಂತೆ ದುಡಿದರೆ ಚರಂಡಿಯ ಒಂದು ಬದಿಯನ್ನಾದರೂ ಬಿಡಿಸಿಕೊಡಬಹುದು, ಆ ಎರಡು ಮೆಟ್ಟಿಲು ಉಳಿಯಬಹುದು ಎಂದು ಅವನು ನಂಬಿದ್ದ.

ಭಾನುವಾರ ಬೆಳಿಗ್ಗೆ ಹಳದಿ ಅಂಗಿಯ ಮೂವತ್ತು ಜನ ಬಸ್ಸಿನಿಂದಿಳಿದರು. ಅವರ ಪೊರಕೆಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಅವರ ಮೇಸ್ತ್ರಿಯಂತಿದ್ದ ಕಂಪನಿಯ ಅಧಿಕಾರಿ ಫೈರುಜ್, ಕ್ಯಾಮೆರಾದವನನ್ನು ಜೊತೆಗಿಟ್ಟುಕೊಂಡು ಹಳ್ಳಿಯನ್ನು ಎರಡು ಸುತ್ತು ಹಾಕಿ ಬಂದ. ಅವನ ಮುಖ ಸಪ್ಪಗಿತ್ತು. ಹೊರಗಿನವರು ಬರುತ್ತಾರೆಂದು ಹಳ್ಳಿಯ ಹೆಂಗಸರು ಶನಿವಾರವೇ ಎಲ್ಲವನ್ನೂ ಗುಡಿಸಿ, ಸುಟ್ಟು, ತೊಳೆದು ಮುಗಿಸಿದ್ದರು. ನೆಂಟರ ಕಣ್ಣಿಗೆ ಅಂಗಳದ ಕಸ ಬೀಳುವುದೆಂದರೆ ಅಲ್ಲಿ ಒಳಲಂಗ ಬಿದ್ದಷ್ಟು ನಾಚಿಕೆ. ಆ ನೆಂಟರು ಬರುತ್ತಿರುವುದೇ ಕಸ ಗುಡಿಸಲು ಎಂಬುದು ಯಾವ ಹೆಂಗಸಿಗೂ ಮುಖ್ಯವೆನಿಸಿರಲಿಲ್ಲ.

“ಸಪುವಾನ್ ಅವ್ರೇ, ಒಂದೇ ಒಂದು ಎಲೆ ಇಲ್ವಲ್ರೀ. ಯಾರು ಗುಡಿಸಿದ್ದು?” ಎಂದ ಫೈರುಜ್.

ಸಪುವಾನನ ಕೈ ಎದ್ದಿತು.

ಹಾಗಾದರೆ ಕಸ ಹೊಂದಿಸುವುದೂ ನಿಮ್ಮದೇ ಹೊಣೆ, ಫೋಟೋ ಇಲ್ಲದೆ ನಾನು ಆಫೀಸಿಗೆ ಹೋಗುವಂತಿಲ್ಲ ಎಂದ ಫೈರುಜ್. ಸಪುವಾನ್ ಮನೆ ಮನೆಗೆ ಹೋಗಿ ಕಸ ಬೇಡಿದ. ಆಡಿನ ಮಾಂಸದ ಹಂಡೆಗೆ ಸೌಟು ಹಾಕುತ್ತಿದ್ದ ಪಕ್ಕದ ಮನೆಯ ಮಾಕ್ ಬೆಸಾ, ಕಸ ಬೇಕಾದರೆ ಕೊಡುತ್ತೇನೆ, ನನ್ನ ಅಂಗಳದಲ್ಲಿ ಹರಡಿದರೆ ಮಾತ್ರ ಈ ಸೌಟು ನಿನ್ನ ತಲೆಯ ಮೇಲಿರುತ್ತದೆ ಎಂದಳು. ಎಲ್ಲ ಮನೆಯ ಉತ್ತರವೂ ಅದೇ. ಕಸ ಕೊಡುವವರಿದ್ದರು, ಜಾಗ ಕೊಡುವವರಿರಲಿಲ್ಲ. ಕೊನೆಗೆ ತೆಂಗಿನ ಗರಿ, ಹರಿದ ಹಾಸಿಗೆ, ಮೂರು ಟೈರು, ಯಾರದೋ ಸತ್ತ ಟೀವಿ ಎಲ್ಲವೂ ಸಪುವಾನನ ಮನೆಯ ಕೆಳಗೇ ಬಂದು ಬಿದ್ದವು. ಹಳದಿ ಅಂಗಿಗಳು ಅದರ ಮುಂದೆ ಪೊರಕೆ ಹಿಡಿದು ನಕ್ಕವು. ಕ್ಯಾಮೆರಾ ಕ್ಲಿಕ್ ಎಂದಿತು.

ಆ ಚಿತ್ರ ಕಂಪನಿಗೆ ಹೋಯಿತು. ಕಂಪನಿಯಿಂದ ಪುರಸಭೆಗೆ ಹೋಯಿತು. ಅರ್ಧ ಗಂಟೆಯೊಳಗೆ ಫೈರುಜ್ ಫೋನು ಕಿವಿಯಿಂದ ತೆಗೆದು, ಸಂಜೆ ನಾಲ್ಕಕ್ಕೆ ತಪಾಸಣೆಯವರು ಬರುತ್ತಾರೆ, ನೀರಿಗೆ ಅಡ್ಡ ಇರುವುದು ಈ ಮನೆಯೇ ಎಂದು ಚಿತ್ರದಲ್ಲಿ ಸ್ಪಷ್ಟವಾಗಿದೆಯಂತೆ, ನಾಲ್ಕು ಗಂಟೆಗೂ ಇಲ್ಲೇ ಇದ್ದರೆ ಕೆಡವುತ್ತಾರಂತೆ ಎಂದು ತಿಳಿಸಿದ. ಪಾಪ, ದನಿ ತಗ್ಗಿಸಿಯೇ ಹೇಳಿದ. ಆಮೇಲೆ ಊಟದ ಹೊತ್ತಾಯಿತೆಂದು ಹೋಗಿ ಎರಡು ತಟ್ಟೆ ಮಾಂಸ ಉಂಡು ಬಸ್ಸಿನಲ್ಲಿ ಮಲಗಿದ.

ಸಪುವಾನ್ ಟೈರೊಂದರ ಮೇಲೆ ಕೂತ. ಮೂವತ್ತು ವರ್ಷದ ಮನೆ. ಜಲೇಹಾ ಒಳಗೆ ಮೀನು ಹುರಿಯುತ್ತಿದ್ದಳು.

ತೊಕ್ ಮನಾಪ್ ಮನೆಯನ್ನೊಮ್ಮೆ, ಸೇರಿದ್ದ ಜನರನ್ನೊಮ್ಮೆ ನೋಡಿದರು. ಅವರ ಅಪ್ಪನ ಕಾಲದಲ್ಲಿ ಮನೆ ಜಾಗ ಬದಲಿಸಬೇಕಾದರೆ ಊರೇ ಸೇರಿ ಕಂಬಗಳಿಗೆ ಬಿದಿರು ಕಟ್ಟಿ ಇಡೀ ಮನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಕಂಬಗಳು ಬರೀ ಕಲ್ಲಿನ ಮೇಲೆ ಕೂತಿರುತ್ತವೆ, ನೆಲದಲ್ಲಿ ಹೂತಿರುವುದಿಲ್ಲ. ಈಗ ಹಳ್ಳಿಯ ಗಂಡಸರು ನಲವತ್ತು, ಹಳದಿ ಅಂಗಿ ಮೂವತ್ತು. ಸಾಕು. ಆದರೆ ಎಲ್ಲಿಗೆ? ಹಳ್ಳಿಯಲ್ಲಿ ನೀರು ಹತ್ತದ ಜಾಗ ಎಲ್ಲಿದೆ?

ಮಾಕ್ ಬೆಸಾ ಸೌಟಿನಿಂದಲೇ ಚರಂಡಿ ಮುಚ್ಚಿದ ಆ ಹೊಸ ಮಣ್ಣಿನ ದಿಬ್ಬ ತೋರಿಸಿದಳು. “ಅಲ್ಲಿ ಚರಂಡಿ ಇಲ್ಲ, ಗಟ್ಟಿ ನೆಲ ಅಂತ ಅವ್ರೇ ಬರ್ಕೊಟ್ಟಿದ್ದಾರಲ್ಲ. ಮುದ್ರೆ ಬೇರೆ ಇದೆ. ಇನ್ನೇನು ಬೇಕು?”

ಬಿದಿರು ಕಟ್ಟಿದರು. ಜಲೇಹಾಳಿಗೆ ಕೆಳಗಿಳಿಯಲು ಹೇಳಿದರು. ಎಣ್ಣೆ ಕಾದಿದೆ, ಇನ್ನೂ ಆರು ಮೀನು ಬಾಕಿ ಇದೆ, ನಿಮ್ಮ ಕೆಲಸ ನೀವು ಮಾಡಿ ಎಂದಳು. ಬೇಕಾದರೆ ಒಲೆ ಆರಿಸುತ್ತೇನೆ, ಇಳಿಯುವುದು ಮಾತ್ರ ಸಾಧ್ಯವಿಲ್ಲ ಎಂದಳು. ಅರವತ್ತಕ್ಕೂ ಹೆಚ್ಚು ಹೆಗಲುಗಳ ಮೇಲೆ ಮನೆ ಎದ್ದಿತು. ಬೇಸರದಲ್ಲಿದ್ದ ಹಳದಿ ಅಂಗಿಗಳಿಗೆ ಬೆಳಗಿನಿಂದ ಸಿಕ್ಕ ಮೊದಲ ಕೆಲಸ ಇದು. ಅವರೇ ಎಲ್ಲರಿಗಿಂತ ಜೋರಾಗಿ ಕೂಗು ಹಾಕಿದರು. ಮನೆ ಗರ್ಭಿಣಿ ಆನೆಯ ಹಾಗೆ ತೂಗುತ್ತ, ತೆಂಗಿನ ಮರಗಳ ನಡುವೆ ದಾರಿ ಮಾಡಿಕೊಂಡು ಹೊರಟಿತು. ಕಿಟಕಿಯಿಂದ ಜಲೇಹಾ, ಎಡಕ್ಕೆ, ಸ್ವಲ್ಪ ಎಡಕ್ಕೆ ಎನ್ನುತ್ತಿದ್ದಳು.

ದಿಬ್ಬದ ಮೇಲೆ ಇಳಿಸುವಾಗ ಸಪುವಾನ್ ಕಂಬದಡಿಯ ಕಲ್ಲುಗಳನ್ನು ನೆನೆದು ಹಿಂದಕ್ಕೆ ಓಡಿದ. ಅಷ್ಟರಲ್ಲಿ, ಬಿದಿರಿನಡಿ ಹೆಗಲು ಕೊಡಲು ಜಾಗ ಸಿಗದೆ ಹಿಂದುಳಿದಿದ್ದ ನಾಲ್ಕು ಹಳದಿ ಅಂಗಿಗಳು ಆ ಕಲ್ಲುಗಳಿಗೆ ಸುಣ್ಣ ಬಳಿದು ದಾರಿಯುದ್ದಕ್ಕೂ ಅಂದವಾಗಿ ಜೋಡಿಸಿ, ಒಣಗುವ ತನಕ ಮುಟ್ಟಬೇಡಿ ಎಂದು ಬೋರ್ಡು ನೆಟ್ಟಿದ್ದರು. ಮನೆ ಬರಿಗಾಲಲ್ಲೇ ಮಣ್ಣಿನ ಮೇಲೆ ನಿಂತಿತು.

ನಾಲ್ಕಕ್ಕೆ ಪುರಸಭೆಯ ತಪಾಸಣೆ ಅಧಿಕಾರಿ ನೊರಿಜಾ ಬಂದಳು. ನಿದ್ದೆಯಿಂದೆದ್ದ ಫೈರುಜ್ ಕಣ್ಣುಜ್ಜಿಕೊಂಡು ದಿಬ್ಬ ನೋಡಿ, ಇನ್ನೊಮ್ಮೆ ಉಜ್ಜಿಕೊಂಡ.

“ಚರಂಡಿ ಮೇಲೆ ಮನೆ ಇಡೋದು ಅಂದ್ರೇನ್ರೀ?” ಎಂದ.

“ಯಾವ ಚರಂಡಿ?” ಎಂದರು ತೊಕ್ ಮನಾಪ್. ಪ್ರಾರ್ಥನೆಮನೆಯ ಗೋಡೆಯಿಂದ ಮೊಳೆಸಮೇತ ಕಿತ್ತ ಪತ್ರ ಅವರ ಕೈಯಲ್ಲಿತ್ತು.

ನೊರಿಜಾ ಪತ್ರ ಓದಿ ಫೈರುಜನ ಕಡೆ ತಿರುಗಿದಳು. ಚರಂಡಿ ಇತ್ತೋ ಇಲ್ಲವೋ, ಒಂದು ಮಾತಲ್ಲಿ ಹೇಳಿ ಎಂದಳು. ಇಲ್ಲ ಎಂದರೆ ಮನೆ ಉಳಿಯುತ್ತದೆ, ಇತ್ತು ಎಂದರೆ ಫೈರುಜನ ಕೆಲಸ ಹೋಗುತ್ತದೆ. ಅವನು ಬಾಯಿ ತೆರೆದ. ಅಷ್ಟರಲ್ಲಿ ಎಮ್ಮೆ ಆಕಳಿಸಿದಂಥ ಸದ್ದಾಯಿತು.

ಮನೆಯ ಒಂದು ಮೆಟ್ಟಿಲು ಮಣ್ಣೊಳಗೆ ಹೋಗಿತ್ತು.

ಎಲ್ಲರೂ ನೋಡುತ್ತಿದ್ದಂತೆ ಎರಡನೆಯದೂ ಹೋಯಿತು. ಮೂರನೆಯದು. ಮನೆ ಅವಸರವಿಲ್ಲದೆ, ತುಂಬು ಮರ್ಯಾದೆಯಿಂದ, ಒರಗುಕುರ್ಚಿಯಲ್ಲಿ ಕೂರುವ ಅಜ್ಜನ ಹಾಗೆ ಕೆಳಗಿಳಿಯುತ್ತಿತ್ತು. ಐದು. ಆರು. ಏಳನೆಯ ಮೆಟ್ಟಿಲು ಮುಳುಗಿದಾಗ ಕಂಬಗಳು ಕೆಳಗೆ ಎಲ್ಲೋ ಸಿಮೆಂಟಿಗೆ ತಾಗಿದ ಸದ್ದು ಕೇಳಿತು. ಮನೆ ನಿಂತಿತು. ಹೊಸ್ತಿಲು ನೆಲದ ಮಟ್ಟಕ್ಕಿತ್ತು.

ನೊರಿಜಾ ಟೇಪು ಹಿಡಿದು ಕಂಬದ ಉದ್ದ ಲೆಕ್ಕ ಹಾಕಿದಳು. ಆರು ಅಡಿ ಕೆಳಗೆ ಸಿಮೆಂಟಿನ ತಳ. ಇಲ್ಲಿ ಚರಂಡಿ ಇತ್ತು ಎಂದಳು. ಹಳ್ಳಿಯೇ ಚಪ್ಪಾಳೆ ಹೊಡೆಯಿತು. ಮಾಕ್ ಬೆಸಾ ಸೌಟಿನಿಂದ ಹಂಡೆ ಬಾರಿಸಿದಳು. ನಾಲ್ಕು ಜನ ಸಪುವಾನನನ್ನು ಅಪ್ಪಿಕೊಂಡರು. ಎಂಟು ತಿಂಗಳು ಯಾವ ಅರ್ಜಿಯೂ ರುಜುವಾತು ಮಾಡದ್ದನ್ನು ಅವನ ಮನೆ ಮುಳುಗಿ ರುಜುವಾತು ಮಾಡಿತ್ತು.

“ಮನೆ ಯಾರದ್ದು?” ಎಂದಳು ನೊರಿಜಾ.

ಕೈ ಎದ್ದಿತು.

ಅವಳು ನೋಟೀಸು ಬರೆದು, ಪುಸ್ತಕದಿಂದ ಹರಿದು, ಆ ಎದ್ದ ಕೈಯಲ್ಲೇ ಇಟ್ಟಳು. ಸರ್ಕಾರಿ ಚರಂಡಿ ಇರುವುದು ಖಚಿತವಾಗಿದೆ. ಚರಂಡಿಗೆ ಅಡ್ಡವಾಗಿರುವ ವಸ್ತು: ಮನೆ ಒಂದು. ಇಂದೇ ತೆರವುಗೊಳಿಸತಕ್ಕದ್ದು.

ಮುನ್ನೂರು ಲಾರಿ ಮಣ್ಣಿನ ಮಾತೇನು ಎಂದು ತೊಕ್ ಮನಾಪ್ ಕೇಳಿದರು. ಮಣ್ಣು ಬೇರೆ ಇಲಾಖೆಗೆ ಸೇರುತ್ತದೆ, ಅವರಿಗೆ ಇನ್ನೊಂದು ಅರ್ಜಿ ಬರೆಯಿರಿ ಎಂದಳು ನೊರಿಜಾ. ಫೈರುಜ್ ಉಸಿರು ಬಿಟ್ಟು ಹಳದಿ ಅಂಗಿಗಳನ್ನು ಬಸ್ಸು ಹತ್ತಿಸಿದ. ಹಳ್ಳಿಯ ಗಂಡಸರಿಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ಸೊಂಟ ಹಿಡಿದವರೇ ಹತ್ತು ಮಂದಿ.

ಸಪುವಾನ್ ನೋಟೀಸನ್ನು ಮಡಿಸಿ ಜೇಬಿಗಿಟ್ಟು ಹೊಸ್ತಿಲ ಮೇಲೆ ಕೂತ. ಈಗ ಅದಕ್ಕೆ ಹತ್ತುವ ಕಷ್ಟವಿರಲಿಲ್ಲ. ಜಲೇಹಾ ಒಳಗಿನಿಂದ ಅನ್ನ, ಹುರಿದ ಮೀನು ತಂದು ಮುಂದಿಟ್ಟಳು. ಅವನು ಕಲಸತೊಡಗಿದ. ಬೆಳಗಿನಿಂದ ಅವನು ಉಂಡಿರಲಿಲ್ಲ.

“ಕತ್ತಲಾಗೋದ್ರೊಳಗೆ ಇದನ್ನ ಎತ್ತಬೇಕು,” ಎಂದಳು ನೊರಿಜಾ, ಪೆನ್ನಿನ ಕ್ಯಾಪು ಹಾಕುತ್ತ. “ಯಾರು ಎತ್ತುತ್ತೀರಿ?”

ಉಳಿದಿದ್ದವರೆಲ್ಲ ಸಪುವಾನನ ಬಲಗೈಯನ್ನೇ ನೋಡಿದರು. ಸಪುವಾನನೂ ನೋಡಿದ. ಅದು ತಟ್ಟೆಯಲ್ಲಿ, ಅನ್ನದ ಮೇಲೆ, ಇದ್ದಲ್ಲೇ ಇತ್ತು. ಅವನು ಒಂದು ತುತ್ತು ಬಾಯಿಗಿಟ್ಟು, ಮುಳ್ಳು ತೆಗೆದು, ನಿಧಾನವಾಗಿ ಅಗಿದು ನುಂಗಿದ.

“ಎತ್ತಲ್ಲ,” ಎಂದ.