ಬೆಕ್ಕಿನ ಔಷಧಿ ಚೀಟಿ ನಮ್ಮ ಪ್ರೆಸ್ಸಿಗೆ ಬಂದ ಬಗ್ಗೆ

ವ್ಯಾಪಾರಸ್ಥರ ಕಡತಗಳನ್ನು ಬೆಳಕಿಗೇರಿಸಿ ಊರೆಲ್ಲ ಸುತ್ತಿಸುವ ಕಂಪನಿಯ ಮುಖ್ಯ ಎಂಜಿನಿಯರ್ ಅವರ ಸನ್ನಿಧಿಗೆ,

ಮಾನ್ಯರೇ,

ಔಷಧಿ ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಸಣ್ಣ ಪ್ರೆಸ್ಸೊಂದರ ಮಾಲೀಕನಾದ ನನ್ನ ನಮಸ್ಕಾರಗಳನ್ನು ತಾವು ಬಿಡುವಾದಾಗ ಸ್ವೀಕರಿಸಬೇಕಾಗಿ ಕೋರುತ್ತೇನೆ. ನಮ್ಮ ಕಚೇರಿ ಊರಿನ ಈ ತುದಿಯಲ್ಲೂ ಅಚ್ಚಿನ ಯಂತ್ರಗಳು ಆ ತುದಿಯಲ್ಲೂ ಇರುವುದರಿಂದ, ಎರಡೂ ಕಡೆಯ ಕಂಪ್ಯೂಟರುಗಳು ಒಂದೇ ಕೋಣೆಯಲ್ಲಿವೆಯೇನೋ ಎಂಬಂತೆ ಜೋಡಿಸಿಕೊಡುವ ತಮ್ಮ ಈಥರ್ನೆಟ್ ಲೈನನ್ನು ಹಾಕಿಸಿಕೊಂಡೆವು. ಒಂದೇ ಗಾಜಿನ ಎಳೆಯಲ್ಲಿ ನೂರಾರು ಗಿರಾಕಿಗಳ ಸಂಚಾರ ಹರಿದರೂ, ಒಬ್ಬೊಬ್ಬರ ಪೊಟ್ಟಣಕ್ಕೂ ಬೇರೆ ಬೇರೆ ನಂಬರು ಅಂಟಿಸಿರುತ್ತೀರೆಂದೂ, ಅದನ್ನು ನೋಡಿ ಸ್ವಿಚ್ಚೆಂಬ ತಮ್ಮ ಯಂತ್ರ ಸರಿಯಾದ ಬಾಗಿಲಿಗೇ ಕಳಿಸುತ್ತದೆಂದೂ ತಮ್ಮ ಪ್ರತಿನಿಧಿ ವಿವರಿಸಿದಾಗ, ನಾವು ಬಾಯಿ ಬಿಟ್ಟುಕೊಂಡು ಕೇಳಿದ್ದೆವು.

ಆದರೆ ನಮಗೂ ಒಬ್ಬ ಪಶುವೈದ್ಯರಿಗೂ ತಾವು ಒಂದೇ ನಂಬರು ದಯಪಾಲಿಸಿದಿರಿ. ಅವರ ಚಿಕಿತ್ಸಾಲಯದಿಂದ ಅವರದೇ ಔಷಧಿ ಅಂಗಡಿಗೆ ಹೋಗಬೇಕಾದ ಚೀಟಿಗಳು ನಮ್ಮ ಪ್ರೆಸ್ಸಿನ ಪ್ರಿಂಟರಿನಿಂದ ಹೊರಬರತೊಡಗಿದವು. ನಮ್ಮ ಕೆಮ್ಮಿನ ಸಿರಪ್ಪಿನ ಲೇಬಲುಗಳು ಅವರ ಅಂಗಡಿಯ ನೆಲದ ಮೇಲೆ ಹಾಸಿಕೊಂಡವು. ದೂರು ಕೊಟ್ಟಾಗಲೆಲ್ಲ ತಮ್ಮ ಸಿಬ್ಬಂದಿ, “ಇಲ್ಲಿ ಹಸಿರು ದೀಪ ಉರೀತಾ ಇದೆ ಸಾರ್, ಎಲ್ಲಾ ಸರಿಯಾಗಿದೆ” ಎಂದು ಹನ್ನೊಂದು ದಿನ ಒಂದೇ ಸಮನೆ ಧೈರ್ಯ ತುಂಬಿದರು. ಅಷ್ಟು ಅಚಲವಾದ ನಂಬಿಕೆ ನನಗೆ ನನ್ನ ಮೇಲೂ ಇಲ್ಲ.

ಈಗ ನನ್ನ ಅಕ್ಕನ ವಿಷಯ. ಇಪ್ಪತ್ತಾರು ವರ್ಷಗಳಿಂದ ನಮ್ಮ ಕರಡು ತಿದ್ದುತ್ತ, ಯಾವ ಔಷಧಿ ಎಷ್ಟು ಎಂಬುದನ್ನು ಬಾಯಿಪಾಠ ಮಾಡಿಕೊಂಡಿರುವ ಆಕೆಗೆ ಕಾಗದ ಯಾರದಾದರೂ ಸರಿ, ಓದದೆ ಬಿಟ್ಟು ಗೊತ್ತಿಲ್ಲ. ಹನ್ನೊಂದನೆಯ ದಿನ ಬಂದ ಚೀಟಿಯೊಂದನ್ನು ಓದಿ ಹುಬ್ಬು ಗಂಟಿಕ್ಕಿದವಳು, ಅದರ ಮೇಲಿದ್ದ ನಂಬರಿಗೆ ಫೋನು ಹಚ್ಚಿ, “ಡಾಕ್ಟ್ರೇ, ಮೂರು ಕೆಜಿ ಬೆಕ್ಕಿಗೆ ಹದಿನೈದು ಮಿಲಿಗ್ರಾಂ ಅಂತ ಬರೆದಿದ್ದೀರಲ್ಲ, ಅದು ಬೆಕ್ಕೋ ಎಮ್ಮೆಯೋ?” ಎಂದು ಕೇಳಿಯೇಬಿಟ್ಟಳು. ಆ ಕಡೆ ಕಾಗದ ತಿರುವಿಹಾಕುವ ಸದ್ದಾಯಿತು. ಆಮೇಲೆ, “ಅಯ್ಯೋ, ಒಂದೂವರೆ ಅಮ್ಮಾ! ಚುಕ್ಕಿ ಬಿಟ್ಟುಹೋಗಿದೆ!” ಎಂದು ವೈದ್ಯರು ಕೂಗಿದ್ದು ಫೋನಿನಿಂದ ನನಗೂ ಕೇಳಿಸಿತು. ಚೀಟಿ ಸರಿಯಾದ ಬಾಗಿಲಿಗೆ ಹೋಗಿದ್ದರೆ ಬೆಕ್ಕಿನ ಕಥೆ ಮುಗಿದಿರುತ್ತಿತ್ತು. ಒಂದು ಜೀವ ಉಳಿಸಿದ ತಮ್ಮ ಅಚಾತುರ್ಯಕ್ಕೆ ಯಾವ ಹಾರ ಹಾಕಿದರೂ ಕಡಿಮೆಯೇ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ತಮ್ಮ ಭಜನೆ ಮಾಡಿಕೊಂಡಿರುತ್ತಿದ್ದೆ. ಆದರೆ ಮರುದಿನವೇ ತಮ್ಮ ತಂತ್ರಜ್ಞರು ಬಂದು ನಂಬರು ಬದಲಿಸಿ ಎಲ್ಲವನ್ನೂ ಸರಿಮಾಡಿದರು. ಚೀಟಿಗಳು ಬರುವುದು ನಿಂತ ಮೇಲೆ ಅಕ್ಕನಿಗೆ ಕೈ ಕಟ್ಟಿದಂತಾಯಿತು. ವೈದ್ಯರಿಗೂ ಚುಕ್ಕಿಗಳ ಚಿಂತೆ ಹತ್ತಿತು. “ನಮ್ಮಲ್ಲಿಗೇ ಬಂದುಬಿಡಿ ಅಮ್ಮಾ” ಎಂದು ಕರೆದರು, ಅವಳು ಹೊರಟೇಬಿಟ್ಟಳು. “ನಿನ್ನ ಬಾಟಲಿಗಳು ಒಂದು ದಿನವಾದರೂ ಬಾಲ ಅಲ್ಲಾಡಿಸಿದ್ದಾವೇನೋ?” ಎಂದು ಬಾಗಿಲಲ್ಲಿ ಕೇಳಿ ಚಪ್ಪಲಿ ಮೆಟ್ಟಿದಳು. ಅವಳ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟೋ ವರ್ಷಗಳಾಗಿದ್ದವು. ಒಳಗೊಳಗೇ ಖುಷಿಯಾಯಿತೆಂದು ತಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.

ಅವಳಿಲ್ಲದೆ ನಾನೇ ಕರಡು ನೋಡಿದ ಮೊದಲ ಲೇಬಲು “ಮಕ್ಕಳ ಕೈಗೆ ಸಿಗುವಂತೆ ಇಡಿ” ಎಂದು ಎರಡು ಸಾವಿರ ಪ್ರತಿ ಅಚ್ಚಾಯಿತು. ಹೊರಗೆ ಹೋಗುವ ಮುನ್ನ ಕಟ್ಟು ಕಟ್ಟುವಾತ ನೋಡಿದ್ದರಿಂದ ಮಾನ ಉಳಿಯಿತು. ಆದ್ದರಿಂದ, ಊರಿನ ಎರಡು ತುದಿಗಳನ್ನೇ ಒಂದು ಕೋಣೆ ಮಾಡಬಲ್ಲ ತಾವು, ನನ್ನ ಅಕ್ಕನಿಗೂ ಒಂದು ನಂಬರು ಅಂಟಿಸಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೆಳಕಿನ ವೇಗದಲ್ಲಿ ಇಲ್ಲಿಗೂ ರವಾನಿಸಬೇಕೆಂದು ಪ್ರಾರ್ಥಿಸುತ್ತೇನೆ. ದಾರಿಯಲ್ಲಿ ಆಕೆಯನ್ನು ಬೇರೆ ಗಿರಾಕಿಗೆ ತಲುಪಿಸಿದರೆ, ಆ ಗಿರಾಕಿ ಹಿಂದಿರುಗಿಸುವುದು ಅನುಮಾನ.

ತಮ್ಮ ಹಸಿರು ದೀಪದ ವಿಶ್ವಾಸಿ,
ಕರಡು ತಿದ್ದಲು ಬಾರದ ಮುದ್ರಕ

ತಾ.ಕ.: ಸೇವೆ ಹೇಗಿತ್ತೆಂದು ಕೇಳಿ ಐದು ನಕ್ಷತ್ರಗಳ ನಮೂನೆ ಕಳಿಸಿದ್ದೀರಿ. ಲಕೋಟೆಯ ಮೇಲೆ ಯಾವುದೋ ಈಜುಕೊಳದ ವಿಳಾಸವಿದೆ. ಅವರಿಗೆ ತಲುಪಿಸಿದ್ದೇನೆ, ನಮ್ಮದು ಯಾರ ಕೈ ಸೇರಿದೆಯೋ ಅವರು ಐದೂ ಕೊಟ್ಟರೆ ನನ್ನ ಅಭ್ಯಂತರವಿಲ್ಲ.