ಹುಲ್ಲಿನ ಮೇಲೆ ಚಾಕ್ ಗೆರೆ

ಟಕ್.

ರಾತ್ರಿ ಹನ್ನೊಂದೂವರೆಗೆ ಕೇಳಿದ ಸದ್ದು ಅಷ್ಟೇ. ಹಲ್ಲಿ ಲೊಚಗುಟ್ಟಿದ್ದಕ್ಕಿಂತ ತುಸು ದೊಡ್ಡದು, ಬಾಗಿಲು ಬಡಿದದ್ದಕ್ಕಿಂತ ಎಷ್ಟೋ ಚಿಕ್ಕದು. ಆದರೂ ಗೋಡೆಯಾಚೆ ಮಲಗಿದ್ದ ದ್ರಾಕ್ಷಾಯಣಮ್ಮನವರನ್ನು ಎಬ್ಬಿಸಲು ಅಷ್ಟು ಸಾಕಾಯಿತು.

"ಮಾಸ್ತರ್ರ, ಈ ಹೊತ್ತಿನ್ಯಾಗ ಏನ್ ಬಡಿಯಾಕತ್ತೀರಿ?"

"ಏನಿಲ್ಲ ಮಲಕ್ಕೊಳ್ರಿ ಅಮ್ಮಾರ. ಪ್ಯಾಂಟಿಗೆ ಗುಂಡಿ ಕೂರಿಸಾಕತ್ತೀನಿ."

"ಯಾರ ಪ್ಯಾಂಟಿಗೆ?"

"ನನ್ನ ಪ್ಯಾಂಟಿಗೇ ರೀ."

 ಗೋಡೆಯಾಚೆ ಚಿಲಕ ತೆಗೆದ ಸದ್ದು. ಸಿದ್ದರಾಮೇಶ ನಿಟ್ಟುಸಿರುಬಿಟ್ಟು ತಾನೂ ಬಾಗಿಲು ತೆರೆದ.

ರಾಯದುರ್ಗದಲ್ಲಿ ಹದಿನಾರು ವರ್ಷ ಜೀನ್ಸ್ ಕತ್ತರಿಸಿದ ಕಟಿಂಗ್ ಮಾಸ್ತರ ಅವನು. ತನಗೆಂದು ಒಂದನ್ನೂ ಹೊಲಿದುಕೊಂಡಿರಲಿಲ್ಲ. ಈಗ ಹೊಲಿಯುತ್ತಿದ್ದುದಕ್ಕೆ ಕಾರಣವಿತ್ತು. ಕಾರ್ಖಾನೆಯ ಯಜಮಾನ ಚಂದ್ರಶೇಖರಯ್ಯನವರು ಮುಂಬೈಯ ಸೇಠ್‌ಜಿಯೊಬ್ಬರ ದೊಡ್ಡ ಆರ್ಡರಿನ ಹಿಂದೆ ಬಿದ್ದಿದ್ದರು. ಸೇಠ್‌ಜಿ ಭಾನುವಾರ ಮಡಕಶಿರಾ ಹತ್ತಿರದ ಹೊಸ ರೆಸಾರ್ಟಿಗೆ ಗಾಲ್ಫ್ ಆಡಲು ಬರುವವರಿದ್ದರು. "ನಿಮ್ಮಲ್ಲಿ ಯಾರಾದರೂ ಆಡುತ್ತಾರೆಯೇ?" ಎಂದು ಅವರು ಫೋನಿನಲ್ಲಿ ಕೇಳಿದಾಗ ಚಂದ್ರಶೇಖರಯ್ಯನವರು ಗಾಲ್ಫ್ ಎಂದರೇನೆಂದು ತಿಳಿಯುವ ಮೊದಲೇ "ಎಲ್ಲಾರೂ ಆಡ್ತಾರ್ರಿ" ಎಂದುಬಿಟ್ಟಿದ್ದರು. ಶನಿವಾರ ಅವರ ಸೊಂಟ ಹಿಡಿದುಕೊಂಡಿತು.

"ನೀನ ಹೋಗು ಮಾಸ್ತರ," ಎಂದು ಮಂಚದ ಮೇಲಿಂದಲೇ ಅಪ್ಪಣೆಯಾಯಿತು. "ಆರ್ಡರ್ ಬಂತಂದ್ರ ಹೆಣ್ಮಕ್ಕಳದು ಒಂದು ಹೊಸ ಹೊಲಿಗಿ ಲೈನ್ ಹಾಕ್ತೀನಿ. ನಿನ್ನ ಹೆಂಡ್ತೀನ ಅದಕ್ಕ ಸೂಪರ್‌ವೈಸರ್."

ಆ ಮಾತು ಸಿದ್ದರಾಮೇಶನ ಎದೆಯಲ್ಲಿ ಕೂತಿತು. ಅವನ ಹೆಂಡತಿ ವಿದ್ಯಾಶ್ರೀ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿ ಮೂರು ವರ್ಷವಾಗಿತ್ತು. ಹನ್ನೊಂದು ಹೆಂಗಸರ ಜೊತೆ ಹಾಸ್ಟೆಲಿನ ಒಂದು ಕೋಣೆಯಲ್ಲಿ ಇರುತ್ತಿದ್ದಳು. ಊರಿಗೆ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ. ಎಂಟು ವರ್ಷದ ಮಗಳಿಗೆ ಜಡೆ ಹಾಕುತ್ತಿದ್ದವರು ಪಕ್ಕದ ಮನೆಯ ದ್ರಾಕ್ಷಾಯಣಮ್ಮನವರು. ಒಂದೊಂದು ಹೆಣಿಗೆಗೆ ಒಂದೊಂದು ಬುದ್ಧಿಮಾತು. ಅಮ್ಮ ಯಾವಾಗ ಬರುತ್ತಾಳೆಂದು ಕೇಳುವುದನ್ನು ಮಗು ಈಚೆಗೆ ಬಿಟ್ಟಿತ್ತು. ಕೇಳುತ್ತಿದ್ದಾಗಲೇ ವಾಸಿಯಿತ್ತು ಎಂದು ಸಿದ್ದರಾಮೇಶನಿಗೆ ಅನ್ನಿಸುತ್ತಿತ್ತು.

"ಸೇಠನ ಮುಂದ ನಮ್ಮ ಕೈಕೆಲಸಾನ ಮಾತಾಡಬೇಕು ಅಮ್ಮಾರ. ಅದಕ್ಕ ಈ ಜೀನ್ಸ್," ಎಂದು ಅವನು ಪ್ಯಾಂಟನ್ನು ದೀಪಕ್ಕೆ ಹಿಡಿದ.

ದ್ರಾಕ್ಷಾಯಣಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಭಾಳ ಚಲೋ ಆಗೇತ್ರಿ. ನಿಮ್ಮ ಮದಿವ್ಯಾಗೂ ಹಿಂಗ ಕಾಣಿಸಿರಲಿಲ್ಲ ನೀವು."

ಬೆಳಿಗ್ಗೆ ಯಜಮಾನರ ಕಾರು ಬಂತು. ಓಡಿಸುವವನು ದೊಡ್ಡಮಲ್ಲಪ್ಪ. ಸ್ಟಿಯರಿಂಗಿಗೂ ಹೊಟ್ಟೆಗೂ ನಡುವೆ ಗಾಳಿಯೂ ನುಸುಳದಂಥ ಆಳು. ತಿಳಿಯದ ವಿಷಯ ಅವನಿಗೊಂದೂ ಇರಲಿಲ್ಲ.

"ರಾತ್ರಿ ಫೋನಿನ್ಯಾಗ ಪೂರ್ತಿ ನೋಡೀನಿ ಮಾಸ್ತರ. ಚೆಂಡನ್ನ ಸಿಟ್ಟಿನಿಂದ ಹೊಡೀಬೇಕು, ಆಮ್ಯಾಲ ಬ್ಯಾಸರದಿಂದ ಅದರ ಹಿಂದ ನಡೀಬೇಕು. ಅಷ್ಟ ಆಟ."

"ಹಂಗಾದ್ರ ನನಗ ಅರ್ಧ ಬರ್ತೈತಿ," ಎಂದ ಸಿದ್ದರಾಮೇಶ.

ಕಲ್ಯಾಣದುರ್ಗ ದಾಟಿ, ಮಡಕಶಿರಾ ದಾಟಿ, ಶೇಂಗಾ ಹೊಲಗಳ ನಡುವೆ ಥಟ್ಟನೆ ಹಸಿರು ಎದ್ದಿತು. ಸುತ್ತೆಲ್ಲ ಕೆಮ್ಮಣ್ಣು, ಬೇಲಿಯೊಳಗೆ ಮಾತ್ರ ಯಾರೋ ಬಿಲಿಯರ್ಡ್ಸ್ ಮೇಜಿನ ಬಟ್ಟೆಯನ್ನು ಹಾಸಿ ಮರೆತು ಹೋದಂತೆ ಹುಲ್ಲು. ಗೇಟಿನ ಕಾವಲುಗಾರ ಸಿದ್ದರಾಮೇಶನನ್ನು ಮೇಲಿನಿಂದ ಕೆಳಗೆ ನೋಡಿದ. ಕೆಳಗೆ ಬಂದು ನೋಟ ನಿಂತಿತು.

"ಜೀನ್ಸ್ ಆಕ್ಕಂಡು ಒಳಕ್ಕೆ ಬಿಡಂಗಿಲ್ಲ ಸಾರ್. ಬೋರ್ಡ್ ಐತೆ ನೋಡಿ."

"ಇದನ್ನ ಹೊಲಿದವನ ನಾನಪ್ಪ!"

"ವಲ್ದೋರು ಯಾರಾದ್ರೇನು ಸಾರ್, ಆಕ್ಕಂಡಿರೋದು ನೀವಲ್ವಾ?"

ಅರ್ಧ ದೇಶಕ್ಕೆ ಜೀನ್ಸ್ ಮಾರುವ ಸೇಠ್‌ಜಿ ಹುಲ್ಲಿನ ಮೇಲೆ ಕಾಯುತ್ತ ನಿಂತಿದ್ದರು. ಅವರ ಮೈಮೇಲಿದ್ದುದು ಕೆನೆ ಬಣ್ಣದ ಹತ್ತಿಯ ಪ್ಯಾಂಟು.

ಉಳಿದದ್ದು ಒಂದೇ ದಾರಿ. ಕಾರಿನ ಹಿಂದೆ ನಿಂತು ದೊಡ್ಡಮಲ್ಲಪ್ಪ ತನ್ನ ಬಿಳಿ ಪ್ಯಾಂಟನ್ನು ಬಿಚ್ಚಿಕೊಟ್ಟ. ಬದಲಿಗೆ ಸಿಕ್ಕ ಜೀನ್ಸ್ ಅವನ ಮೊಣಕಾಲಿನ ಮೇಲಕ್ಕೆ ಹತ್ತಲೊಲ್ಲದು. ಅವನು ಟವೆಲು ಸುತ್ತಿಕೊಂಡು, ಎಲ್ಲ ಗಾಜು ಏರಿಸಿ, ಸ್ಟಿಯರಿಂಗ್ ಹಿಂದೆ ಮೈ ಮುದುರಿ ಕೂತ. ಸಿದ್ದರಾಮೇಶನ ಸೊಂಟ ಮೂವತ್ತು ಇಂಚು. ಆ ಪ್ಯಾಂಟು ನಲವತ್ತನಾಲ್ಕು. ಕೈ ಬಿಟ್ಟರೆ ನೆಲಕ್ಕೆ.

"ಬಾಣ್ಣ ಇತ್ತಾಗೆ," ಎಂದು ಯಾರೋ ಕರೆದರು. ಗಾಲ್ಫ್ ಕೋಲುಗಳ ಚೀಲ ಹೊರುವ ಕದಿರಮ್ಮ. ಐವತ್ತರ ಹೆಂಗಸು, ಸೀರೆಯ ಮೇಲೆ ರೆಸಾರ್ಟಿನ ಅಂಗಿ, ತಲೆಯ ಮೇಲೆ ಟೋಪಿ. ಅವಳ ಎಲೆಅಡಿಕೆ ಚೀಲದಿಂದ ಒಂದು ದಬ್ಬಣ, ಒಂದಿಷ್ಟು ಕರಿ ಉಣ್ಣೆನೂಲು ಹೊರಬಂದವು. "ಕಂಬ್ಳಿ ಒಲಿಯೋದು. ಕುರಿ ಮಾರಿದ್ರೂ ಇದನ್ನ ಬಿಡಕ್ಕಾಗ್ಲಿಲ್ಲ ಕಣಣ್ಣ."

ಸಿದ್ದರಾಮೇಶ ಎರಡು ನಿಮಿಷದಲ್ಲಿ ಸೊಂಟಕ್ಕೆ ನಾಲ್ಕು ಮಡಿಕೆ ಹಾಕಿದ. ಬಿಳಿ ಬಟ್ಟೆಯ ಮೇಲೆ ಕರಿ ಉಣ್ಣೆ, ಆಪರೇಷನ್ ಆದ ಹೊಟ್ಟೆಯ ಹಾಗೆ ಕಾಣುತ್ತಿತ್ತು.

ಸೇಠ್‌ಜಿ ಮಾತಿಗೆ ಒಳ್ಳೆಯವರು. ಬೆಂಗಳೂರಿನ ವ್ಯಾಪಾರದಲ್ಲಿ ಕಲಿತ ಕನ್ನಡವಿತ್ತು. "ನೀವೇ ಮೊದಲು ಹೊಡಿರಿ ಮಾಸ್ಟರ್‌ಜಿ."

ಮೊದಲ ಹೊಡೆತ ಗಾಳಿಗೆ ಬಿತ್ತು. ಎರಡನೆಯದೂ ಗಾಳಿಗೆ. ಮೂರನೆಯದಕ್ಕೆ ರೊಟ್ಟಿಯಗಲದ ಹುಲ್ಲಿನ ಹೆಂಟೆ ಹಾರಿ ಇಪ್ಪತ್ತು ಮಾರು ದೂರ ಬಿತ್ತು. ಚೆಂಡು ಕೂತಲ್ಲೇ ಕೂತಿತ್ತು. ಚೆಂಡು ಬೀಳಿಸಬೇಕಾದ ಎರಡನೇ ಕುಣಿಯ ಸರದಿಯಲ್ಲಿ ಸಿಟ್ಟು ಬಂದು ಜೋರಾಗಿ ಬೀಸಿದ. ಚೆಂಡು ಹೋಯಿತು, ಹೊಲಿಗೆಯೂ ಹೋಯಿತು. ಸೇಠ್‌ಜಿ ಸಭ್ಯರು, ತಿರುಗಿ ಆಕಾಶ ನೋಡಿದರು. ಕದಿರಮ್ಮ ದಬ್ಬಣ ನೀಡಿದಳು. ನಾಲ್ಕನೇ ಕುಣಿಯ ಹೊತ್ತಿಗೆ ಚೆಂಡು ಜಾಲಿಪೊದೆ ಸೇರಿತು. ಅದನ್ನು ಹುಡುಕಲು ಹೋದ ಸಿದ್ದರಾಮೇಶನಿಗೆ ಮುಳ್ಳಿನಿಂದ ಈಚೆ ಬರಲು ಕಾಲು ಗಂಟೆ ಹಿಡಿಯಿತು.

ಆರನೇ ಕುಣಿಯಲ್ಲಿ ಸೇಠ್‌ಜಿ ಗಡಿಯಾರ ನೋಡಿಕೊಂಡರು. "ಸಾಕು ಅನಿಸುತ್ತೆ ಮಾಸ್ಟರ್‌ಜಿ. ಇನ್ನೊಂದು ಆಡಿ ಹೊರಡೋಣ. ವ್ಯವಹಾರದ ಮಾತು ಆಮೇಲೆ ಯಾವಾಗಲಾದರೂ."

ಆಮೇಲೆ ಯಾವಾಗಲಾದರೂ ಎಂದರೆ ಏನೆಂದು ಸಿದ್ದರಾಮೇಶನಿಗೆ ಗೊತ್ತಿತ್ತು. ಮಗಳ ಪ್ರಶ್ನೆಗೆ ಅವನೇ ಮೂರು ವರ್ಷದಿಂದ ಕೊಡುತ್ತಿದ್ದ ಉತ್ತರ ಅದು. 

ಏಳನೇ ಕುಣಿಯಲ್ಲಿ ಏನೋ ಪುಣ್ಯಕ್ಕೆ ಅವನ ಚೆಂಡು ಬಾವುಟದ ಹತ್ತಿರವೇ ನಿಂತಿತ್ತು. ನುಣ್ಣನೆ ಕತ್ತರಿಸಿದ ಹುಲ್ಲು, ಮೇಜಿನ ಮೇಲೆ ಹರವಿದ ಬಟ್ಟೆಯ ಹಾಗೆ. ಅದನ್ನು ನೋಡುತ್ತಿದ್ದಂತೆ ಅವನ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ಹದಿನಾರು ವರ್ಷದ ಅಭ್ಯಾಸ. ಟೇಪು ಬಂತು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್ ಬಂತು. ಮಂಡಿಯೂರಿ ಅಳತೆ ಹಿಡಿದ.

"ನೆಟ್ಟಗೆ ಎಳೀಬ್ಯಾಡ ಕಣಣ್ಣ," ಎಂದು ಕದಿರಮ್ಮ ಪಕ್ಕದಲ್ಲಿ ಪಿಸುಗುಟ್ಟಿದಳು. "ಇಲ್ಲೇ ನಮ್ಮ ಕುರಿರೊಪ್ಪ ಇತ್ತು. ಮಳೆ ಬಂದ್ರೆ ನೀರು ಎಡಕ್ಕೋಯ್ತಿತ್ತು. ನಾಕು ಬೆಳ್ಳು ಬಲಕ್ಕೆ ತಗಾ."

ಅವನು ಪ್ಯಾಂಟಿನ ಕಾಲ್ತುದಿಯ ಸುತ್ತು ಎಳೆಯುವಷ್ಟು ಶ್ರದ್ಧೆಯಿಂದ, ತುಸು ಬಲಕ್ಕೆ ಬಳುಕಿಸಿ, ಚೆಂಡಿನಿಂದ ಕುಣಿಯವರೆಗೆ ಗೆರೆ ಎಳೆದ. ದೂರದಿಂದ ಮೈದಾನದ ಮೇಸ್ತ್ರಿ ಸೀಟಿ ಊದುತ್ತ, ಅಯ್ಯಯ್ಯೋ ಎನ್ನುತ್ತ ಓಡಿಬಂದ. ಅಷ್ಟರಲ್ಲಿ ಚೆಂಡು ಗೆರೆ ಹಿಡಿದು ಹೊರಟಿತ್ತು, ಶಾಲೆಗೆ ಹೋಗುವ ಜಾಣ ಹುಡುಗಿಯ ಹಾಗೆ. ಕುಣಿಗೆ ಬಿತ್ತು.

ಸೇಠ್‌ಜಿ ಕೈಯೆತ್ತಿ ಮೇಸ್ತ್ರಿಯನ್ನು ತಡೆದರು. ಬಗ್ಗಿ ಗೆರೆ ನೋಡಿದರು. "ನನಗೂ ಒಂದು ಎಳೆಯಿರಿ," ಎಂದರು.

ಎಳೆದ. ಸೇಠ್‌ಜಿಯ ಚೆಂಡೂ ಬಿತ್ತು. ಇನ್ನೊಂದೇ ಎಂದಿದ್ದವರು ಎಂಟನೆಯದನ್ನೂ ಆಡಿದರು, ಒಂಬತ್ತನೆಯದನ್ನೂ ಆಡಿದರು. ಹನ್ನೆರಡು ವರ್ಷ ಆಡಿಯೂ ಇಂಥ ದಿನ ಕಂಡಿರಲಿಲ್ಲವಂತೆ. ಆಟ ಮುಗಿದಾಗ ಸಿದ್ದರಾಮೇಶನ ಭುಜ ತಟ್ಟಿದರು.

"ನನ್ನ ಮಾಲು ಈಗ ಬೆಂಗಳೂರಲ್ಲಿ ಹೊಲೀತಾರೆ. ಇಂಥ ಗೆರೆ ಎಳೆಯೋ ಕೈ ಇಲ್ಲಿರುವಾಗ ಅಲ್ಲೇಕೆ?" ಎಂದು, ನಿಂತಲ್ಲೇ ಫೋನು ತೆಗೆದು ಇಂಗ್ಲಿಷಿನಲ್ಲಿ ಎರಡು ಮಾತಾಡಿದರು. ಆರ್ಡರ್ ರಾಯದುರ್ಗದ್ದಾಯಿತು. ಆಮೇಲೆ ಊಟಕ್ಕೆ ಕೂರಿಸಿಕೊಂಡು ಎರಡು ತಾಸು ಬಿಡಲಿಲ್ಲ.

ಸಿದ್ದರಾಮೇಶ ಪ್ಯಾಂಟು ಹಿಡಿದುಕೊಂಡು ಕಾರಿನವರೆಗೆ ಓಡಿದ. ಟವೆಲಿನೊಳಗೆ ಬೆವರಿ ನೀರಾಗಿದ್ದ ದೊಡ್ಡಮಲ್ಲಪ್ಪ ವಿಷಯ ಕೇಳಿ, "ನಾ ಹೇಳಿಕೊಟ್ಟಂಗ ಆಡಿದಿ ಅಲ್ಲ?" ಎಂದ. ಸದ್ದು ಅಡಗಿಸಿಟ್ಟಿದ್ದ ತನ್ನ ಫೋನಿನಲ್ಲಿ ವಿದ್ಯಾಶ್ರೀಯ ನಾಲ್ಕು ಕರೆ ತಪ್ಪಿದ್ದನ್ನು ಸಿದ್ದರಾಮೇಶ ಆಗ ನೋಡಿದ. ಮೊದಲು ಯಜಮಾನರಿಂದ ಬಾಯಿಮಾತು ಗಟ್ಟಿ ಮಾಡಿಕೊಂಡು ಅವಳಿಗೆ ಸಿಹಿಸುದ್ದಿ ಕೊಡೋಣವೆಂದು ಚಂದ್ರಶೇಖರಯ್ಯನವರಿಗೆ ಫೋನು ಮಾಡಿದ.

"ಭಲೇ ಮಾಸ್ತರ! ಸೇಠ ಆಗಲೇ ಮಾತಾಡಿದ. ನಾಳೆಯಿಂದ ಎರಡು ಪಾಳಿ."

"ಹೆಣ್ಮಕ್ಕಳ ಲೈನ್ ಯಾವಾಗ ಹಾಕ್ತೀರಿ ಅಪ್ಪಾರ?"

"ಲೈನ್ ಬ್ಯಾಡಂತ ಮಾರಾಯ. ಹೊಸ ಕೈ ಒಂದೂ ಹಚ್ಚಬಾರದು, ಮಾಸ್ತರನ ಕೈಕೆಳಗಿನ ಹಳೇ ಮಂದೀನ ಹೊಲೀಬೇಕು ಅಂತ ಸೇಠಂದು ಖಡಕ್ ಮಾತು. ನಿನ್ನ ಕೈ ನೋಡಿ ಮರುಳಾಗ್ಯಾನ. ನಿನ್ನ ಹೆಂಡ್ತಿ ವಿಷಯ ಮುಂದ ನೋಡೋಣೇಳು."

ಕಾರು ಮಡಕಶಿರಾ ದಾಟಿತ್ತು. ಸಿದ್ದರಾಮೇಶ ಕಿಟಕಿಯಾಚೆ ನೋಡುತ್ತ ಕೂತ. ಹೋಗಲಿ, ಬೆಂಗಳೂರೇನು ಬಹಳ ದೂರವಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮನೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ಫೋನು ಮತ್ತೆ ಬಂತು. ವಿದ್ಯಾಶ್ರೀ. ಅತ್ತು ಮುಗಿಸಿದವರ ದನಿ.

"ನಮ್ಮ ಲೈನ್ ಮುಚ್ಚಿದ್ರು. ಇವತ್ತ ಭಾನುವಾರ ಓವರ್‌ಟೈಮ್‌ಗೆ ಕರದು, ಮಷೀನ್ ನಿಲ್ಲಿಸಿ, ನಾಳೆಯಿಂದ ಬರಬ್ಯಾಡ್ರಿ ಅಂದ್ರು. ಮಾಲು ಕೊಡೋ ಸೇಠ ಎಲ್ಲೋ ಚೆಂಡಾಟ ಆಡಾಕ ಹೋಗಿದ್ದನಂತ. ಜೋಡಿಗಿದ್ದ ಯಾವನೋ ಅವನ ತಲಿ ಕೆಡಿಸಿದನಂತ. ನಮ್ಮ ಹೊಲಿಗಿ ಸೊಟ್ಟ ಅಂತ ಹೇಳ್ಯಾರ. ಮೂರು ವರ್ಷದಾಗ ನಂದು ಒಂದು ಪೀಸ್ ವಾಪಸ್ ಬಂದಿಲ್ಲರಿ."

 ಮೂರು ವರ್ಷ ಸಿದ್ದರಾಮೇಶ ದಿನವೂ ಊಟವಾಯಿತೇ ಎಂದು ಕೇಳಿದ್ದ, ನಿದ್ದೆ ಬಂತೇ ಎಂದು ಕೇಳಿದ್ದ. ಯಾರ ಮಾಲು ಹೊಲಿಯುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ.

"ನೀ... ನೀ ಊರಿಗೆ ಬಂದ್ಬಿಡು."

"ಬಂದು ಏನ್ ಮಾಡ್ಲಿ? ಅಲ್ಲಿ ಹೆಣ್ಮಕ್ಕಳಿಗೆ ಕೆಲಸ ಎಲ್ಲೈತಿ? ತಿರುಪ್ಪೂರಿನ ಗಾರ್ಮೆಂಟ್ಸಿಗೆ ಕರಕೊಂಡು ಹೋಗೋ ಏಜೆಂಟ್ ಆಗಲೇ ಹಾಸ್ಟೆಲ್ ಬಾಗಿಲಿಗೆ ಬಂದಾನ. ಒಂದು ವರ್ಷ ನಡುವ ಊರಿಗೆ ಬಿಡಂಗಿಲ್ಲಂತ. ನಮ್ಮೂರ ಬಾಜೂ ಬೆಳುಗುಪ್ಪದ ಆರು ಹುಡುಗ್ಯಾರು ನನ್ನ ನಂಬಿ ಬಂದಾರ, ಅವರನ್ನ ಬಿಟ್ಟು ಹೆಂಗ ಬರ್ಲಿ? ನಾಕು ಸಲ ಫೋನ್ ಮಾಡಿದೆ ನಿಮ್ಮನ್ನ ಕೇಳಾಕ. ನೀವು ಎತ್ತಲಿಲ್ಲ. ಹೂಂ ಅಂದ್ಬಿಟ್ಟೆ."

ಹೊರಗೆ ಶೇಂಗಾ ಹೊಲಗಳು ಕತ್ತಲಾಗುತ್ತಿದ್ದವು. ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು.

"ನಮ್ಮ ಹೊಟ್ಟಿ ಮ್ಯಾಲ ಹೊಡದವನ ಬೆರಳಾಗ ಸೂಜಿ ಮುರೀಲಿ," ಎಂದಳು. ಬೈಯಲು ಬಾರದವಳು, ಬೈದ ಮೇಲೆ ತಾನೇ ಗಾಬರಿಯಾದಳು. ಆಮೇಲೆ ಮೆತ್ತಗೆ ಕೇಳಿದಳು: "ಇಡೀ ದಿನ ಎಲ್ಲಿದ್ರಿ?"

ಮುಂದಿನ ಸೀಟಿನಲ್ಲಿ ದೊಡ್ಡಮಲ್ಲಪ್ಪ ಕನ್ನಡಿಯಲ್ಲಿ ಇವನನ್ನೇ ನೋಡುತ್ತಿದ್ದ. ಸುದ್ದಿಯನ್ನು ಓಣಿಗೆ ಮುಟ್ಟಿಸುವ ಉತ್ಸಾಹ ಅವನ ಕಣ್ಣಲ್ಲಿ ಕುಣಿಯುತ್ತಿತ್ತು. ಸಿದ್ದರಾಮೇಶ ಬೆರಳನ್ನು ತುಟಿಯ ಮೇಲಿಟ್ಟು ಅವನಿಗೆ ತೋರಿಸಿದ. ಹೆಂಡತಿಗಾಗಲಿ, ಮಗಳಿಗಾಗಲಿ, ಗೋಡೆಯಾಚೆಯ ದ್ರಾಕ್ಷಾಯಣಮ್ಮನವರಿಗಾಗಲಿ ಈ ದಿನ ಹುಲ್ಲಿನ ಮೇಲೆ ನಡೆದದ್ದು ಈ ಜನ್ಮದಲ್ಲಿ ತಿಳಿಯಕೂಡದು.

"ಎಲ್ಲೂ ಹೋಗಿಲ್ಲ," ಎಂದ. "ತಲಿ ನೋಯಾಕತ್ತಿತ್ತು. ಮನ್ಯಾಗ ಮಲಕ್ಕೊಂಡಿದ್ದೆ."