ಬಾಗಿಲ ಗುಳಿಯ ತನಿಖೆ

ಊರ್ಮಿಳಾ: ಕೀ ಕೊಡ್ರೀ. ಆರೂವರೆ ಆಯ್ತು.

ಗುರುರಾಜ: ಕೊಡಲ್ಲ ಅಂದ್ನಲ್ಲ. ಕಾರಣ ಸಿಗೋವರೆಗೂ ನಿನ್ನ ಕೈಗೆ ಈ ಕಾರು ಇಲ್ಲ. ಇನ್ನೊಂದು ಕೆಟಲ್ ನೀರು ತಗೊಂಬಾ.

ಊರ್ಮಿಳಾ: ಮೂರು ಕೆಟಲ್ ಹುಯ್ದಾಯ್ತು. ಬಾಗಿಲಿಗೇನು ಬಾಣಂತನ ಮಾಡ್ತಿದ್ದೀರಾ?

ತಿರುವನಂತಪುರದ ಬಾಡಿಗೆ ಮನೆಯ ಅಂಗಳದಲ್ಲಿ ಗುರುರಾಜರು ಪಂಚೆ ಎತ್ತಿ ಕಟ್ಟಿಕೊಂಡು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಮೂಲ ಮೈಸೂರು, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಬಾಹ್ಯಾಕಾಶ ವಿಜ್ಞಾನಿ. ಚಾಲಕನ ಬಾಗಿಲಲ್ಲಿ, ಹಿಡಿಕೆಯ ಕೆಳಗೆ, ಸೌಟಿನಗಲದ ಒಂದು ಗುಳಿ. ಅವರ ಕೈಯಲ್ಲಿ ಬಚ್ಚಲು ಕಟ್ಟಿದಾಗ ಒತ್ತುವ ರಬ್ಬರ್ ಬಟ್ಟಲು. ಇಷ್ಟೆಲ್ಲ ಓದಿದವರು ಬೆಳಿಗ್ಗೆ ಎದ್ದು ಮಾಡುವ ಕೆಲಸ ಇದು!

ಅವರ ಹೆಂಡತಿ ಊರ್ಮಿಳಾಗೆ ಲೈಸೆನ್ಸು ಬಂದು ನಾಲ್ಕು ತಿಂಗಳು. ಇವತ್ತು ಮೊದಲ ಸಲ ಒಬ್ಬರೇ ಎರ್ನಾಕುಲಂಗೆ ಕಾರು ಓಡಿಸಬೇಕು. ಅಲ್ಲಿ ಕಲೂರಿನ ಹಾಸ್ಟೆಲ್ಲಲ್ಲಿ ಮಗಳು ಮಧುರಾ ಸಾಮಾನು ಕಟ್ಟಿಕೊಂಡು ಕಾಯುತ್ತಿದ್ದಾಳೆ.

ಗುರುರಾಜ: ತಂಪಾನೂರು ಸ್ಟೇಷನ್ನಿಂದ ರೈಲಿಗೇನು ಬರವಾ? ಅದ್ರಲ್ಲಿ ಹೋಗು.

ಊರ್ಮಿಳಾ: ಹಾಸಿಗೆ, ಫ್ಯಾನು, ಮೂರು ಪೆಟ್ಟಿಗೆ ಪುಸ್ತಕ, ಎಲ್ಲಾ ತಲೆ ಮೇಲೆ ಹೊತ್ಕೊಂಡು ಬರ್ಲಾ?

ಗುರುರಾಜ: ಗೇಟಿನ ಕಂಬಕ್ಕೆ ಬಾಗಿಲು ಗುದ್ದಿಸೋಳನ್ನ ಹೈವೇಗೆ ಬಿಡೋಕಾಗುತ್ತಾ?

ಊರ್ಮಿಳಾ: ನಾನು ಗುದ್ದಿಸಿಲ್ಲ.

ಗುರುರಾಜ: ಮನೇಲಿ ಓಡಿಸೋರು ಇಬ್ರೇ. ನಾನಲ್ಲ. ಉಳಿದೋರು ಯಾರು?

ಊರ್ಮಿಳಾ: ‘ನಾನಲ್ಲ’ ಅನ್ನೋದನ್ನ ಯಾವ ಯಂತ್ರದಲ್ಲಿ ಅಳೆದ್ರಿ?

ಗುರುರಾಜ: ಇಪ್ಪತ್ತೈದು ವರ್ಷದ ಅನುಭವ ಇದೆ ನಂಗೆ.

ಊರ್ಮಿಳಾ: ನಾನು ಇಲ್ಲಿನ ಲೈಸೆನ್ಸ್ ಟೆಸ್ಟಲ್ಲಿ ಗೂಟಗಳ ಮಧ್ಯೆ ಎಚ್ ಆಕಾರದಲ್ಲಿ ಹಿಂದೆ ಮುಂದೆ ಓಡಿಸಿ, ಒಂದು ಗೂಟಾನೂ ಮುಟ್ಟದೆ ಪಾಸಾದೋಳು. ನಿಮ್ಮ ಕಾಲದಲ್ಲಿ ಮೈದಾನಕ್ಕೊಂದು ಸುತ್ತು ಹಾಕಿ ಇಳಿದ್ರೆ ಮುಗೀತು.

ಎದುರು ಮನೆಯ ಅಚ್ಯುತ ಹಾಲಿನ ಪ್ಯಾಕೆಟ್ಟು ಹಿಡಿದು ಗೇಟಿನೊಳಗೆ ಬಂದರು. ಅವರು ಕಾಸರಗೋಡಿನವರು. ಈ ಊರಲ್ಲಿ ಅಪರೂಪಕ್ಕೆ ಕನ್ನಡದಲ್ಲಿ ಜಗಳ ಕೇಳಲು ಸಿಕ್ಕರೆ ಬಿಡುವ ಆಸಾಮಿಯಲ್ಲ.

ಅಚ್ಯುತ: ಎಂತ ಮಾರಾಯ್ರೆ, ಕಾರಿಗೆ ಎಣ್ಣೆಸ್ನಾನವಾ?

ಗುರುರಾಜ: ಚಿಕಿತ್ಸೆ. ಬಿಸಿನೀರು ಹುಯ್ದು ಎಳೆದ್ರೆ ಗುಳಿ ಟಪ್ ಅಂತ ಹೊರಗೆ ಬರುತ್ತೆ. ವಿಡಿಯೋ ನೋಡಿದ್ದೀನಿ.

ಅಚ್ಯುತ: ಅದು ಪ್ಲಾಸ್ಟಿಕ್ ಬಂಪರಿಗೆ. ಇದು ತಗಡಲ್ವಾ? ಬಿಸಿನೀರಿಗೆ ತಗಡು ಮೆತ್ತಗಾಗುದಾದ್ರೆ ನಮ್ಮ ಪಾತ್ರೆಯೆಲ್ಲ ಇಷ್ಟೊತ್ತಿಗೆ ಚಪಾತಿ ಆಗ್ಬೇಕಿತ್ತು.

ಗುರುರಾಜ: ಲೋಹದ ವಿಷಯ ನಂಗೆ ಹೇಳ್ತೀರಾ?

ಅಚ್ಯುತ: ನಿಮಗಲ್ಲ, ಬಾಗಿಲಿಗೆ ಹೇಳಿದ್ದು. ಅದಕ್ಕಾದ್ರೂ ಗೊತ್ತಿರ್ಲಿ.

ಗುರುರಾಜರು ಬಟ್ಟಲನ್ನು ಗುಳಿಗೆ ಒತ್ತಿ, ಕಾಲು ಊರಿ, ಉಸಿರು ಬಿಗಿಹಿಡಿದು ಎಳೆದರು. ಬಟ್ಟಲು ಕೈಗೆ ಬಂತು. ಅವರು ಬೆಚ್ಚಗಿನ ಕೆಸರಲ್ಲಿ ಕೂತರು. ಗುಳಿ ಇದ್ದ ಹಾಗೇ ಇತ್ತು.

ಊರ್ಮಿಳಾ: ಬೇಗ ಎದ್ದೇಳಿ, ಅಂಗಳಕ್ಕೂ ಒಂದು ಗುಳಿ ಬೀಳುತ್ತೆ.

ಅಚ್ಯುತ: ನಂಗೊಂದು ಸಂಶಯ. ಕಾರು ಕಂಬಕ್ಕೆ ಉಜ್ಜಿದ್ರೆ ಉದ್ದಕ್ಕೆ ಗೀರು ಬೀಳ್ತದೆ. ಇದು ಒಂದೇ ಜಾಗದಲ್ಲಿ ಕುಟ್ಟಿದ ಹಾಗೆ ಉಂಟಲ್ಲ?

ಗುರುರಾಜ: ನೋಡಿ, ನಮ್ಮ ಕಚೇರೀಲಿ ಹೀಗೆ ಬಾಯಲ್ಲಿ ವಾದ ಮಾಡಲ್ಲ. ಏನಾದ್ರೂ ಕೆಟ್ರೆ, ಅದನ್ನ ಅದೇ ರೀತಿ ಇನ್ನೊಂದ್ಸಲ ನಡೆಸಿ ನೋಡ್ತೀವಿ. ಕಾರಣ ತಾನಾಗೇ ಬಾಯಿಬಿಡುತ್ತೆ.

ಊರ್ಮಿಳಾ: ಅಂದ್ರೆ?

ಗುರುರಾಜ: ಕಾರನ್ನ ಬೀದಿಗೆ ತಗೊಂಡು ಹೋಗಿ, ನೀನು ಹೇಗೆ ಒಳಗೆ ತಂದೆ ಅಂತ ತೋರಿಸ್ತೀನಿ. ಕಂಬಕ್ಕೆ ಗೇಣು ದೂರ ಇರೋವಾಗ ನಿಲ್ಲಿಸ್ತೀನಿ, ಅಷ್ಟೇ.

ಊರ್ಮಿಳಾ: ನನ್ನ ತಪ್ಪು ಅಂತ ಸಾಬೀತಾಗದಿದ್ರೆ?

ಗುರುರಾಜ: ಕೀ ನಿಂದು.

ಊರ್ಮಿಳಾಗೆ ಅಳು ಬರುವುದರಲ್ಲಿತ್ತು; ಸಿಟ್ಟು ಅದನ್ನು ತಡೆದು ನಿಲ್ಲಿಸಿತ್ತು. ನಾಲ್ಕು ತಿಂಗಳಿಂದ ಆಕೆ ಅಂಗಡಿಬೀದಿ ದಾಟಿ ಓಡಿಸಿದಾಗಲೆಲ್ಲ ಈ ಮನುಷ್ಯ ಪಕ್ಕದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದುಕೊಂಡೇ ಕೂತಿದ್ದ. ಇವತ್ತೂ ಕೀ ಸಿಗದಿದ್ದರೆ ಇನ್ನೆಂದಿಗೂ ಸಿಗುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಗುರುರಾಜರು ಕಾರನ್ನು ಬೀದಿಗಿಳಿಸಿ, ತಿರುಗಿಸಿ, ಗೇಟಿನ ಕಡೆ ಮೂತಿ ಮಾಡಿದರು. ಬಲಗಡೆ ಕಂಬ, ಅದರ ಬುಡದಲ್ಲೇ ಮುಚ್ಚಳವಿಲ್ಲದ ಚರಂಡಿ.

ಗುರುರಾಜ: ನೋಡಿ ಅಚ್ಯುತ, ಇವಳು ಹೀಗೆ ಬರ್ತಾಳೆ. ಕಣ್ಣು ಬರೀ ಕನ್ನಡಿ ಮೇಲೆ. ಪಕ್ಕದಲ್ಲಿ ಚರಂಡಿ ಇದೆ ಅನ್ನೋ ಜ್ಞಾನಾನೇ ಇಲ್ಲ...

ಊರ್ಮಿಳಾ: ನೀವ್ಯಾಕೆ ಬಾಗಿಲು ತೆಗೆದ್ರಿ?

ಗುರುರಾಜ: ತಲೆ ಹೊರಗೆ ಹಾಕಿ ಚಕ್ರ ನೋಡಬೇಡ್ವಾ? ನಾನು ಯಾವಾಗ್ಲೂ ಹೀಗೇ...

ಧಡ್ಡೆಂದಿತು. ತೆರೆದ ಬಾಗಿಲನ್ನು ಕಂಬವೇ ತಳ್ಳಿ ಮುಚ್ಚಿತು. ಗುರುರಾಜರು ತಲೆಯನ್ನು ಹೇಗೋ ಒಳಗೆಳೆದುಕೊಂಡಿದ್ದರು. ಹಳೆಯ ಗುಳಿಯ ಪಕ್ಕದಲ್ಲಿ ಹೊಸದೊಂದು ಬಿದ್ದಿತ್ತು, ಅದೇ ಎತ್ತರ, ಅದೇ ಅಗಲ.

ಅಚ್ಯುತ: ಇದೇ ಶಬ್ದ! ಗುರುವಾರ ಸಂಜೆಯೂ ಕೇಳಿತ್ತು. ತೆಂಗಿನಕಾಯಿ ಬಿತ್ತೋ ಅಂತ ನಾನು ಹೊರಗೆ ಬಂದು ಹುಡುಕಿದ್ದೆ.

ಊರ್ಮಿಳಾ: ಗುರುವಾರ ಕಾರಲ್ಲಿ ಆಫೀಸಿಗೆ ಹೋಗಿದ್ದೋರು ಯಾರು?

ಗುರುರಾಜ: ಆವತ್ತು... ಗಾಳಿಗೆ ಗೇಟು ಬಡ್ಕೊಳ್ತು ಅಂದ್ಕೊಂಡೆ.

ಊರ್ಮಿಳಾ: ಇಳೀರಿ.

ಅವರು ಇಳಿದರು. ಊರ್ಮಿಳಾ ಸೀಟು ಮುಂದೆಳೆದು, ಕನ್ನಡಿ ಸರಿಮಾಡಿ, ಬೆಲ್ಟು ಹಾಕಿಕೊಂಡು, ಬಾಗಿಲು ಭದ್ರವಾಗಿ ಮುಚ್ಚಿದರು. ಒಂದೇ ಬಾರಿಗೆ ಕಾರು ಹಿಂದೆ ಸರಿದು, ಕಂಬಕ್ಕೂ ಚರಂಡಿಗೂ ತಾಗದೆ ಬೀದಿಗೆ ಬಂತು. ಗುರುರಾಜರು ಜೊತೆಜೊತೆಗೇ ಓಡುತ್ತ ಕೈಸನ್ನೆ ಮಾಡಿದರು. ಯಾರೂ ನೋಡಲಿಲ್ಲ.

ಗುರುರಾಜ: ಎರಡೆರಡು ಗುಳಿ ಇಟ್ಕೊಂಡು ಎರ್ನಾಕುಲಂವರೆಗೂ ಹೋಗ್ತೀಯಾ? ಮಾನ ಹೋಗುತ್ತೆ ಕಣೇ!

ಊರ್ಮಿಳಾ: ಒಳಗೆ ಕೂತೋರಿಗೆ ಗುಳಿ ಕಾಣಲ್ಲ ರೀ. ಬೀದೀಲಿ ನಿಂತೋರಿಗೆ ಮಾತ್ರ.